ಈ ಗಾಡಿಗೆ ಮೈಲೇಜ್ ಕೇಳಬ್ಯಾಡ್ರಿ, ತಾಸು ಕೇಳ್ರಿ: ಎಟಿವಿ ಹತ್ತಿ ದಿನಾಪೂರ್ತಿ ಹೊಂಟ್ರ ಪೆಟ್ರೋಲ್, ನೀರು, ಬುತ್ತಿ ಲೆಕ್ಕ

ಹೋದ ವಾರ ಅಣ್ಣಿಗೇರಿಯಿಂದ ನಮ್ಮ ಕಾಕಾನ ಮಗ ಫೋನ್ ಮಾಡಿದ್ದ. ಅವನೂ ಅವನ ಇಬ್ರು ದೋಸ್ತರೂ ರೊಕ್ಕ ಕೂಡಿಸಿ ಒಂದು ಸೆಕೆಂಡ್ ಹ್ಯಾಂಡ್ ಎಟಿವಿ ತಗೊಂಡಾರ, ಇನ್ನೊಬ್ಬ ಗೆಳ್ಯಾನ ಕಡೆ ಒಂದು ಸಣ್ಣದು ಐತಿ, ಬರೋ ರವಿವಾರ ಮುಂಜಾನೆ ಎಂಟಕ್ಕ ಹೊಂಟು ಸಂಜಿ ಐದಕ್ಕ ಬರೋದು ಅಂತ ಪ್ಲಾನು. "ಅಣ್ಣಾ, ನೀ ಓಡಿಸಿ ಓಡಿಸಿ ನಿಂಗ ಗೊತ್ತೈತಲ್ಲ, ಲೀಟರಿಗೆ ಎಷ್ಟ ಕೊಡ್ತೈತಿ ಅಷ್ಟ ಹೇಳಿಬಿಡು, ಉಳಿದಿದ್ದು ನಾವ್ ನೋಡ್ಕೋತೀವಿ" ಅಂದ. ಗೊತ್ತಿಲ್ಲೋ ತಮ್ಮಾ ಅಂದೆ. ಅಂವ ನಕ್ಕ, ನಾ ಚಾಷ್ಟಿ ಮಾಡಾಕತ್ತೇನಿ ಅಂತ ತಿಳ್ಕೊಂಡ.

ಚಾಷ್ಟಿ ಅಲ್ರಿ. ರೆಸಾರ್ಟಿಗೆ ಹೋದಾಗ ಹತ್ತು ನಿಮಿಷ ರೌಂಡ್ ಹೊಡೆದು ಇಳಿಯೋರಿಗೆ ಈ ಲೆಕ್ಕ ಯಾವ್ದೂ ಬೇಕಾಗಿಲ್ಲ, ಪೆಟ್ರೋಲ್ ಹಾಕೋದು ಅವರ ಚಿಂತಿ. ಆದ್ರ ಊರು ಬಿಟ್ಟು ಚಕ್ಕಡಿ ದಾರಿ ಹಿಡಿದು ದಿನಾಪೂರ್ತಿ ಹೊಂಟ್ರ ಪೆಟ್ರೋಲ್ ಎಷ್ಟ, ನೀರು ಎಷ್ಟ, ಬುತ್ತಿ ಏನ್ ಕಟ್ಟಬೇಕು, ಎಲ್ಲಿಂದ ಹೊಳ್ಳಿ ಬರಬೇಕು ಅನ್ನೋದು ಮೊದಲ ಕುಂತು ಬರಕೊಳ್ಳೋ ಕೆಲಸ. ಅವನಿಗೆ ಫೋನಿನ್ಯಾಗ ಹೇಳಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೀತೇನಿ, ಈ ಗಾಡಿ ಮುಟ್ಟೇ ನೋಡದವರಿಗೂ ತಿಳಿಯೋ ಹಂಗ.

ಎಟಿವಿ ಅಂದ್ರ ಏನು

ಎಟಿವಿ ಅಂದ್ರ ಆಲ್ ಟೆರೇನ್ ವೆಹಿಕಲ್, ಎಂಥಾ ನೆಲದ ಮ್ಯಾಲೂ ಹೋಗೋ ಗಾಡಿ. ನಾಕು ಗಾಲಿ, ಆದ್ರ ಸ್ಟೀರಿಂಗ್ ಇರಂಗಿಲ್ಲ, ಬೈಕಿನಂಗ ಹ್ಯಾಂಡಲ್, ಬೈಕಿನಂಗನ ಸೀಟಿನ ಆಚೆಕಡೆ ಈಚೆಕಡೆ ಕಾಲು ಹಾಕಿ ಕುಂದ್ರೋದು. ಮುಂದ ಹಿಂದ ಸಾಮಾನು ಕಟ್ಟಾಕ ಕಬ್ಬಿಣದ ರ್ಯಾಕ್ ಇರ್ತಾವು (ಸಣ್ಣ ಮಾಡಲ್‌ಗೆ ಕೆಲವಕ್ಕ ಇರಂಗಿಲ್ಲ, ಅದು ನೆನಪಿಟ್ಕೊಳ್ರಿ, ಮುಂದ ಬೇಕಾಗ್ತೈತಿ).

ಇದ್ರ ಗುಟ್ಟೆಲ್ಲಾ ಟಾಯರ್‌ನ್ಯಾಗ ಐತಿ. ನಿಮ್ಮ ಬೈಕಿನ ಟಾಯರಿಗೆ ಹವಾ ಹಾಕಿಸುವಾಗ 28, 30, 33 ಅಂತ ಹೇಳ್ತೀರಲ್ಲ, ಅದು ಪಿಎಸ್ಐ ಲೆಕ್ಕ. ಎಟಿವಿ ಟಾಯರಿಗೆ ಬರೇ 4ರಿಂದ 7 ಪಿಎಸ್ಐ ಹವಾ ಸಾಕು. ದಪ್ಪ ಟಾಯರು, ಕೈಲೆ ಒತ್ತಿದ್ರ ಒಳಗ ಹೋಗ್ತೈತಿ. ಯಾಕ ಹಂಗ ಅಂದ್ರ, ರೊಟ್ಟಿ ಹಿಟ್ಟಿನ ಮುದ್ದಿ ಮ್ಯಾಲ ಬೆರಳು ಒತ್ತಿದ್ರ ತೂತು ಬೀಳ್ತೈತಿ, ಅದ ಜೋರಿಲೆ ಅಂಗೈ ಇಟ್ರ ಬೀಳಂಗಿಲ್ಲ. ಮೆತ್ತನ ಟಾಯರ್ ಅಂಗೈ ಇದ್ದಂಗ, ಗಾಡಿ ವಜ್ಜಿ ಅಗಲಕ್ಕ ಹಂಚಿ ಹೋಗ್ತೈತಿ, ಉಸುಕಿನ್ಯಾಗ ಕೆಸರಿನ್ಯಾಗ ಹುಗಿಯೋದು ಕಡಿಮಿ. ಆದ್ರ ಇದಕ್ಕ ಬೆಲಿ ಕಟ್ಟಬೇಕಾಗ್ತೈತಿ. ಹವಾ ಇಲ್ಲದ ಸೈಕಲ್ ತುಳಿದು ನೋಡೀರಿಲ್ಲೋ, ತೊಡಿ ಸೇದಿ ಬಿಡ್ತಾವು. ಎಟಿವಿ ಇಂಜಿನ್ ದಿನಾ ಮಾಡೋದು ಆ ಕೆಲಸಾನ, ಅದರ ತೊಡಿ ನೋವು ಅಂದ್ರ ಪೆಟ್ರೋಲ್.

ಅಳತಿ ತಿಳೀಲಿ ಅಂತ ಒಂದು ಉದಾಹರಣಿ: ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಅನ್ನೋ ಗಾಡಿಗೆ 567 ಸಿಸಿ ಇಂಜಿನ್, 17 ಲೀಟರ್ ಟ್ಯಾಂಕ್, ವಜ್ಜಿ 300 ಕಿಲೋಕ್ಕಿಂತ ಜಾಸ್ತಿ. ಹುಡುಗರು ಓಡಿಸೋ 110 ಸಿಸಿ ಸಣ್ಣ ಗಾಡಿಗಳ ಟ್ಯಾಂಕು ನಾಕು ಲೀಟರ್ ಆಸುಪಾಸು.

ಇನ್ನೊಂದು ಮಾತು, ಇದು ಭಾಳ ಮಂದಿಗೆ ಗಾಡಿ ಮನಿಗೆ ಬಂದ ಮ್ಯಾಲ ಗೊತ್ತಾಗ್ತೈತಿ. ನಮ್ಮಲ್ಲಿ ಮಾರೋ ಎಟಿವಿ ಹೆಚ್ಚಿನಂಶ ರೋಡಿಗೆ ರಜಿಸ್ಟ್ರೇಶನ್ ಇಲ್ಲದವು. ನಂಬರ್ ಪ್ಲೇಟ್ ಇಲ್ಲ ಅಂದ್ರ ಹೈವೇ ಬಿಡ್ರಿ, ಊರಿನ ಡಾಂಬರ್ ರೋಡಿಗೂ ಇಳಿಯಂಗಿಲ್ಲ, ಛೋಟಾ ಹಾಥಿನೋ ಪಿಕಪ್ಪೋ ಮಾಡಿ ಅದರ ಮ್ಯಾಲ ಏರಿಸಿ ದಾರಿ ಸುರುವಾಗೋ ತನಕ ಒಯ್ಯಬೇಕು. ಅಂದ್ರ ನಡುವ ಪೆಟ್ರೋಲ್ ಕಡಿಮಿ ಬಿತ್ತು, ಹಂಗ ಪಂಪಿಗೆ ಹೋಗಿ ಹಾಕಿಸ್ಕೊಂಡು ಬರೋಣು ಅನ್ನೋ ದಾರಿ ನಿಮಗ ಇಲ್ಲ. ಪಂಪು ಎರಡು ಕಿಲೋಮೀಟರ್ ದೂರ ಕಣ್ಣಿಗೆ ಕಾಣಾಕತ್ತಿದ್ರೂ ಅಷ್ಟ.

ಲೀಟರಿಗೆ ಎಷ್ಟ ಕೊಡ್ತೈತಿ ಅನ್ನೋದು ಯಾಕ ತಪ್ಪು ಪ್ರಶ್ನೆ

ಯಾವ್ದಾರ ಟ್ರ್ಯಾಕ್ಟರ್ ಡ್ರೈವರನ್ನ ನಿಂದ್ರಿಸಿ ಲೀಟರಿಗೆ ಎಷ್ಟ ಕಿಲೋಮೀಟರ್ ಅಂತ ಕೇಳಿ ನೋಡ್ರಿ. ನಿಮ್ಮ ಮುಖ ನೋಡ್ತಾನ. ಅಂವ ಹೇಳೋದು ತಾಸಿಗೆ ಇಷ್ಟ ಲೀಟರ್ ಅಂತ, ಅದೂ ನೇಗಿಲಾ ಹೊಡಿಯುವಾಗ ಬ್ಯಾರೆ, ಟ್ರೇಲರ್ ಜಗ್ಗುವಾಗ ಬ್ಯಾರೆ. ಯಾಕಂದ್ರ ಹೊಲದಾಗ ಕಿಲೋಮೀಟರಿಗೆ ಅರ್ಥನ ಇಲ್ಲ, ಇಂಜಿನ್ ಎಷ್ಟ ಹೊತ್ತು ಎಷ್ಟ ಜೋರಿಲೆ ದುಡೀತು ಅನ್ನೋದಷ್ಟ ಲೆಕ್ಕ.

ಎಟಿವಿ ನೋಡಾಕ ಬೈಕ್, ಬದುಕೋದು ಟ್ರ್ಯಾಕ್ಟರಿನಂಗ. ಚಕ್ಕಡಿ ದಾರಿಯೊಳಗ, ಹಳ್ಳದ ದಂಡಿಗೆ, ಕಲ್ಲು ಗುಡ್ಡದಾಗ ಅದು ತಾಸಿಗೆ ಹತ್ತು ಹದಿನೈದು ಕಿಲೋಮೀಟರ್ ಮ್ಯಾಲ ಹೋಗೋದು ಕಷ್ಟ, ಆದ್ರ ಇಂಜಿನ್ ಮಾತ್ರ ಲೋ ಗೇರಿನ್ಯಾಗ ಒದರಾಕತ್ತಿರ್ತೈತಿ. ಮುಂದ ಹೋದವ ದಾರಿ ನೋಡಿ ಬರೂಮಟಾ ಹಿಂದಿನವರು ಸ್ಟಾರ್ಟ್ ಇಟ್ಕೊಂಡ ನಿಂತಿರ್ತಾರ, ಆಗ ಕಿಲೋಮೀಟರ್ ಸೊನ್ನಿ, ಪೆಟ್ರೋಲ್ ಸೊನ್ನಿ ಅಲ್ಲ. ಮತ್ತ ಒಂದು ಮಜಾ ಐತಿ: ಕೆಸರಿನ್ಯಾಗ ಗಾಲಿ ನಿಂತಲ್ಲೇ ಗಿರಗಿರ ತಿರುಗಿದ್ರ ಮೀಟರಿಗೆ ಅದು ಗೊತ್ತಾಗಂಗಿಲ್ಲ, ಗಾಲಿ ತಿರುಗಿತು ಅಂದ್ರ ಗಾಡಿ ಮುಂದ ಹೋತು ಅಂತ ಬರಕೊಂಡ ಬಿಡ್ತೈತಿ. ನೀವು ಸಿಕ್ಕೊಂಡ ಜಾಗಾದಾಗ ಅರ್ಧ ಕಿಲೋಮೀಟರ್ "ಪ್ರಯಾಣ" ಮಾಡಿರ್ತೀರಿ. ಅಂಥಾ ಮೀಟರ್ ನಂಬಿ ಮೈಲೇಜ್ ತಗಿಯೋದು ಹೆಂಗ ಹೇಳ್ರಿ.

ಅದಕ್ಕ ಭಾಳಷ್ಟು ಎಟಿವಿಗಳಿಗೆ ತಾಸಿನ ಮೀಟರ್ ಒಂದು ಬ್ಯಾರೇನ ಇರ್ತೈತಿ, ಇಂಜಿನ್ ಒಟ್ಟು ಎಷ್ಟ ತಾಸು ಓಡೇತಿ ಅಂತ ತೋರಸ್ತೈತಿ, ಟ್ರ್ಯಾಕ್ಟರಿಗೆ ಇದ್ದಂಗ. ನಿಮ್ಮ ಗಾಡಿ ಹಸಿವು ತಿಳ್ಕೊಳ್ಳೋದು ಹಿಂಗ: ಟ್ಯಾಂಕ್ ಕುತಿಗಿ ತನಕ ತುಂಬ್ರಿ, ತಾಸಿನ ಮೀಟರ್ ಬರಕೊಳ್ರಿ, ಒಂದು ಅರ್ಧ ದಿನ ಓಡಿಸ್ರಿ, ಹೊಳ್ಳಿ ಬಂದು ಅದ ಕುತಿಗಿ ತನಕ ತುಂಬ್ರಿ. ಎಷ್ಟ ಲೀಟರ್ ಹಿಡೀತು ಅದನ್ನ ತಾಸಿಗೆ ಭಾಗಿಸ್ರಿ. ಮೀಟರ್ ಇಲ್ಲಂದ್ರ ಕೈಗಡಿಯಾರ ಸಾಕು. 500 ಸಿಸಿ ಆಸುಪಾಸಿನ ಗಾಡಿ ಸಾಧಾರಣ ದಾರಿಗೆ ತಾಸಿಗೆ ಎರಡು ಲೀಟರ್ ಅಂತ ಹಿಡಕೊಂಡು ಸುರು ಮಾಡ್ರಿ, ನಿಮ್ಮ ಸ್ವಂತ ನಂಬರ್ ಸಿಕ್ಕ ಮ್ಯಾಲ ಇದನ್ನ ಮರ್ತುಬಿಡ್ರಿ.

ಎರಿ ಮಣ್ಣು ಬ್ಯಾರೆ, ಮಸಾರಿ ಬ್ಯಾರೆ

ನಮ್ಮ ಸೀಮಿಯೊಳಗ ಈ ಲೆಕ್ಕ ಕೆಡಸೋದು ಮಣ್ಣು. ನವಲಗುಂದ, ನರಗುಂದ, ಅಣ್ಣಿಗೇರಿ, ರೋಣದ ಕಡೆ ಎರಿ ಭೂಮಿ, ಅಂದ್ರ ಕಪ್ಪು ಮಣ್ಣು. ಕಲಘಟಗಿ, ಶಿಗ್ಗಾಂವಿ, ಶಿರಹಟ್ಟಿ ಕಡೆ ಹೋದಂಗ ಮಸಾರಿ, ಅಂದ್ರ ಕೆಂಪು ಮಣ್ಣು ಸಿಗ್ತೈತಿ. ಮಸಾರಿ ಮಣ್ಣಿನ್ಯಾಗ ಮಳಿ ಬಂದ್ರ ನೀರು ಇಂಗಿ ಹೋಗ್ತೈತಿ, ಒಂದೆರಡು ತಾಸಿಗೆ ದಾರಿ ಮತ್ತ ಗಟ್ಟಿ. ಎರಿ ಮಣ್ಣು ಹಂಗಲ್ಲ. ಅದರೊಳಗ ಇರೋ ಜೇಡಿ ನೀರು ಕುಡಿದು ಉಬ್ಬತೈತಿ, ಒಣಗಿದ್ರ ಕುಗ್ಗಿ ಬಿರುಕು ಬಿಡ್ತೈತಿ. ಬ್ಯಾಸಿಗ್ಯಾಗ ಬಿರುಕು ಎಷ್ಟ ಅಗಲ ಅಂದ್ರ ಕಾಲು ಇಳಿತೈತಿ. ಮಳಿ ಬಿದ್ರ ಅಂಟು. ಎರಡು ಹೆಜ್ಜಿ ನಡೆದ್ರ ಚಪ್ಪಲಿಗೆ ಒಂದೊಂದು ಕಿಲೋ ಮೆತ್ತಿರ್ತೈತಲ್ಲ, ಅದನ್ನ ನಾಕು ಗಾಲಿಗೆ ಮಾಡಿ ನೋಡ್ರಿ.

ನನಗ ಇದು ತಿಳಿದದ್ದು ಒಂದು ಹಿಂಗಾರಿ ಮಳಿಯೊಳಗ. ನವಲಗುಂದದ ಆಚೆ, ಕಡ್ಲಿ ಬಿತ್ತೋ ಹೊತ್ತು, ಮುಂಜಾನೆ ಹೋಗುವಾಗ ದಾರಿ ಒಣಾ ಒಣಾ, ನಾಕು ಲೀಟರಿನ್ಯಾಗ ಹೋಗಿ ಮುಟ್ಟಿದ್ವಿ. ಮಧ್ಯಾಹ್ನ ಉಣ್ಣಾಕ ಕುಂತಾಗ ಅರ್ಧ ತಾಸು ಮಳಿ ಹೊಡೀತು, ಅಷ್ಟ. ಅದ ದಾರಿ, ಅದ ಗಾಡಿ, ಹೊಳ್ಳಿ ಬರಾಕ ಎಂಟು ಲೀಟರ್ ದಾಟ್ತು. ಹತ್ತು ಮಾರಿಗೊಮ್ಮೆ ಗಾಲಿ ಮತ್ತ ಮಡ್‌ಗಾರ್ಡ್ ನಡುವ ಮಣ್ಣು ತುಂಬಿ ಟಾಯರ್ ತಿರುಗಂಗಿಲ್ಲ, ಇಳಿದು ಕುರ್ಚಿಗಿಯಿಂದ ಕೆತ್ತೋದು, ಮತ್ತ ಹತ್ತೋದು. ಒಬ್ಬ ರೈತ್ರು ಎತ್ತು ಹೊಡ್ಕೊಂಡು ಬಾಜೂ ಹೊಂಟಿದ್ರು, ನಮ್ಮನ್ನ ದಾಟಿ ಮುಂದ ಹೋಗಿಬಿಟ್ರು, ಹೋಗುವಾಗ ಒಂದು ಮಾತೂ ಆಡ್ಲಿಲ್ಲ, ಆ ಸುಮ್ನಿರೋದ ಜಾಸ್ತಿ ಹತ್ತಿತು.

ಹಂಗಾಗಿ ಎರಿ ಸೀಮಿಯೊಳಗ ಮಳಿ ಮೋಡ ಇದ್ರ ತಾಸಿಗೆ ಮೂರು ಲೀಟರ್ ಹಿಡೀರಿ, ಅದೂ ಬರೋ ದಾರಿಗೆ. ಹೋಗೋ ದಾರಿ ನೀವು ನೋಡಿದ್ದು, ಬರೋ ದಾರಿ ನೀವು ನೋಡಿಲ್ಲ, ಹೆಸರು ಒಂದ ಇದ್ರೂ.

ಮೂರು ಪಾಲಿನ ಲೆಕ್ಕ

ಇದಕ್ಕ ಹಳೇ ಸರಳ ರೀತಿ ಒಂದು ಐತಿ. ಪೆಟ್ರೋಲ್ ಮೂರು ಪಾಲು ಮಾಡ್ರಿ, ಒಂದು ಹೋಗಾಕ, ಒಂದು ಬರಾಕ, ಒಂದು ಮುಟ್ಟಬಾರ್ದು. ಮೂರನೇ ಪಾಲು ದಾರಿ ತಪ್ಪಿದ್ರ, ಮಳಿ ಬಂದ್ರ, ಹಳ್ಳ ತುಂಬಿ ಸುತ್ತು ಹಾಕಬೇಕಾದ್ರ, ಇನ್ನೊಬ್ಬನ ಗಾಡಿ ಜಗ್ಗಬೇಕಾದ್ರ. ಬೆಣ್ಣಿಹಳ್ಳದ ಕಡೆಯವರಿಗೆ ಹೇಳಬೇಕಾಗಿಲ್ಲ, ಎಲ್ಲೋ ಮ್ಯಾಲ ಮಳಿ ಆದ್ರ ಇಲ್ಲಿ ಬಿಸಲಿದ್ದಾಗನ ಹಳ್ಳ ಬಂದಿರ್ತೈತಿ.

ಕಾಕಾನ ಮಗನ ಲೆಕ್ಕ ತಗೊಳ್ರಿ. ಮುಂಜಾನೆ 8ರಿಂದ ಸಂಜಿ 5, ಒಟ್ಟು 9 ತಾಸು. ಅದರಾಗ ಚಾ, ಊಟ, ಫೋಟೋ, ಹರಟಿ ಅಂತ 3 ತಾಸು ಇಂಜಿನ್ ಬಂದ್. ಉಳಿದಿದ್ದು 6 ತಾಸು. ತಾಸಿಗೆ 2 ಲೀಟರ್ ಅಂದ್ರ 12 ಲೀಟರ್. ಈ 12 ಎರಡು ಪಾಲು ಆತು, ಮೂರನೇ ಪಾಲು ಇನ್ನ 6, ಒಟ್ಟು 18. ಅವನ ಟ್ಯಾಂಕು 17 ಲೀಟರಿಂದು, ಆದ್ರ ತಳದ ಒಂದು ಲೀಟರ್ ನಾ ಲೆಕ್ಕಕ್ಕ ಹಿಡಿಯಂಗಿಲ್ಲ. ಇಳಿಜಾರಿನ್ಯಾಗ ಗಾಡಿ ವಾಲಿದ್ರ ಪೆಟ್ರೋಲ್ ಒಂದು ಮೂಲಿಗೆ ಸರಿದು ಪಂಪಿಗೆ ಸಿಗಂಗಿಲ್ಲ, ಮತ್ತ ಇಂಜೆಕ್ಷನ್ ಗಾಡಿಯೊಳಗ ಪಂಪು ಟ್ಯಾಂಕಿನ ಒಳಗ ಇರ್ತೈತಿ, ಸುತ್ತಲಿನ ಪೆಟ್ರೋಲ್ ಅದನ್ನ ತಣ್ಣಗ ಇಡೋದು, ಟ್ಯಾಂಕ್ ಬರಿದಾಗೂಮಟಾ ಓಡಿಸಿದ್ರ ಪಂಪು ಕಾದು ಕೆಡ್ತೈತಿ. ಹಂಗಂದ್ರ 16 ಕೈಯಾಗ, 18 ಬೇಕು. ಒಣಾ ದಿನಕ್ಕ 5 ಲೀಟರ್ ಕ್ಯಾನ್ ಒಂದು ಸಾಕು.

ಮೋಡ ಇದ್ರ? 3 ತಾಸು ಒಣಾ, 3 ತಾಸು ಹಸಿ: 6 ಮತ್ತ 9, ಒಟ್ಟು 15 ಲೀಟರ್, ಮೂರನೇ ಪಾಲು ಸೇರಿಸಿದ್ರ 22.5. ಈಗ 5ರ ಕ್ಯಾನ್ ಸಾಲಂಗಿಲ್ಲ, 10ರದು ಬೇಕು. ಅದ ಗಾಡಿ, ಅದ ದಾರಿ, ನೋಡ್ರಿ ಬರೇ ಮೋಡ.

ಇನ್ನ ಸಣ್ಣ ಗಾಡಿ. 110 ಸಿಸಿಗೆ ತಾಸಿಗೆ ಮುಕ್ಕಾಲು ಲೀಟರ್ ಹಿಡಿದ್ರ 6 ತಾಸಿಗೆ 4.5, ಮೂರನೇ ಪಾಲು ಸೇರಿ 7 ಲೀಟರ್ ಹತ್ರ. ಟ್ಯಾಂಕ್ 4. ಕಡಿಮಿ ಕುಡಿಯೋ ಗಾಡಿನ ಮೊದಲ ಖಾಲಿ ಆಗೋದು! ಅದರ 3 ಲೀಟರ್ ಯಾರದರ ರ್ಯಾಕಿನ ಮ್ಯಾಲ ಹೋಗಬೇಕು, ಅದಕ್ಕ ರ್ಯಾಕ್ ಇಲ್ಲ. ಗುಂಪಿನ್ಯಾಗ ಸಣ್ಣ ಟ್ಯಾಂಕ್ ಯಾರದು ಅವರ ಗಡಿಯಾರನ ಎಲ್ಲಾರ ಗಡಿಯಾರ.

ಮತ್ತ ಹೊಳ್ಳಿ ಬರೋ ಜಾಗಾ ಮೊದಲ ನಿಶ್ಚಯ ಮಾಡ್ರಿ, ಊರಿನ ಹೆಸರಿಲೆ ಅಲ್ಲ, ಲೀಟರಿಲೆ. ಒಟ್ಟು 21 ಲೀಟರ್ ಐತಿ ಅಂದ್ರ 7 ಖರ್ಚಾದ ಕೂಡ್ಲೆ ಗಾಡಿ ತಿರುಗಬೇಕು. ಗುಡಿ ಇನ್ನೊಂದ ಕಿಲೋಮೀಟರ್ ಐತಿ ಅಂತ ಯಾರರ ಅಂತಾರ, ಅಂದ ಅಂತಾರ.

ಈಗಿನ ಪೆಟ್ರೋಲಿನ ಬಗ್ಗೆ ಎರಡ ಮಾತು

ಹಳೇ ಲೆಕ್ಕದ ನಂಬರ್ ಇಟ್ಕೊಂಡವರು ಸ್ವಲ್ಪ ತಿದ್ದಬೇಕು. ಈಗ ಪಂಪಿನ್ಯಾಗ ಸಿಗೋದು ಇ20, ಅಂದ್ರ ನೂರರಾಗ 20 ಪಾಲು ಎಥೆನಾಲ್. ಕಬ್ಬು, ಗೊಂಜಾಳದಿಂದ ಮಾಡೋ ಎಥೆನಾಲಿನ್ಯಾಗ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮಿ ಶಕ್ತಿ. ಐದರಾಗ ಒಂದು ಪಾಲು ಎಥೆನಾಲ್, ಅದರಾಗ ಮೂರನೇ ಒಂದು ಕಡಿಮಿ, ಗುಣಿಸಿದ್ರ ಒಟ್ಟು ಶಕ್ತಿ 6-7 ಪರ್ಸೆಂಟ್ ಇಳಿತೈತಿ. ಎಲ್ಲಾ ಗಾಡಿಯೊಳಗ ಖರ್ಚು ಅಷ್ಟ ಏರ್ತೈತಿ ಅಂತಲ್ಲ, ಇಂಜಿನ್ ಟ್ಯೂನಿಂಗ್ ಮ್ಯಾಲ ಹೋಗ್ತೈತಿ, ಆದ್ರ 12 ಲೀಟರ್ ಲೆಕ್ಕಕ್ಕ ಮುಕ್ಕಾಲು ಲೀಟರ್ ಮ್ಯಾಲ ಇಟ್ರ ನಷ್ಟ ಇಲ್ಲ. ಎಥೆನಾಲ್ ನೀರು ಹೀರ್ತೈತಿ, ಅದಕ್ಕ ಹೋದ ದೀಪಾವಳಿಗೆ ಕ್ಯಾನಿನ್ಯಾಗ ಉಳಿದಿದ್ದು ಯುಗಾದಿಗೆ ಹಾಕಬ್ಯಾಡ್ರಿ.

ಕ್ಯಾನು: ಇಲ್ಲಿ ಸಸಾರ ಮಾಡಬಾರ್ದು

ಎಲ್ಲಾರೂ ಮಾಡೋದು ನೀರಿನ ಪ್ಲಾಸ್ಟಿಕ್ ಬಾಟ್ಲಿಯೊಳಗ ಎರಡು ಲೀಟರ್ ತುಂಬಿ ಬ್ಯಾಗಿಗೆ ಹಾಕೋದು. ಭಾಳ ಪಂಪಿನ್ಯಾಗ ಬಾಟ್ಲಿಗೆ ಕೊಡಂಗಿಲ್ಲ ಅಂತ ಬೋರ್ಡ್ ಇರ್ತೈತಿ, ಅವರು ಸೊಕ್ಕಿಲೆ ಹೇಳಾಕತ್ತಿಲ್ಲ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲ್ ಒಬ್ಬರ ಹತ್ರ ಒಟ್ಟು 30 ಲೀಟರ್ ತನಕ ಲೈಸೆನ್ಸ್ ಇಲ್ಲದ ಇರಬಹುದು, ಆದ್ರ ಅದು ಬಿಗಿ ಮುಚ್ಚಳದ ಪಾತ್ರಿಯೊಳಗ ಇರಬೇಕು. ಲೋಹದ್ದಾದ್ರ ಒಂದೊಂದು 25 ಲೀಟರ್ ಮೀರಬಾರ್ದು, ಗಾಜು ಅಥವಾ ಪಿಂಗಾಣಿದಾದ್ರ ಒಂದು ಲೀಟರ್. ನೀರಿನ ಬಾಟ್ಲಿ ಇದ್ರಾಗ ಎಲ್ಲೂ ಬರಂಗಿಲ್ಲ. ಸ್ಟೀಲಿನ ಜೆರಿಕ್ಯಾನ್ ತಗೊಳ್ರಿ. ಎರಡನೇ ಮಹಾಯುದ್ಧದಾಗ ಜರ್ಮನ್ ಸೈನ್ಯ ವಾಪರಸ್ತಿದ್ದ ಕ್ಯಾನು ಅದು, ಬ್ರಿಟಿಷ್ ಸೈನಿಕರು ಜರ್ಮನರಿಗೆ ಜೆರಿ ಅಂತಿದ್ರು, ಹೆಸರು ಅಲ್ಲಿಂದ ಬಂತು.

ಯಾಕ ಇಷ್ಟ ಬಿಗಿ ಅಂದ್ರ, ಬೆಂಕಿ ಹತ್ತೋದು ಪೆಟ್ರೋಲಿಗೆ ಅಲ್ಲ, ಅದರ ಆವಿಗೆ. ಪೆಟ್ರೋಲ್ ಸೊನ್ನಿ ಡಿಗ್ರಿಗಿಂತ ಎಷ್ಟೋ ಕೆಳಗ ಇದ್ದಾಗೂ ಬೆಂಕಿ ಹಿಡಿಯೋವಷ್ಟು ಆವಿ ಬಿಡ್ತೈತಿ, ನಮ್ಮ ಏಪ್ರಿಲ್ ತಿಂಗಳ ಬಿಸಲಿನ್ಯಾಗ ಕೇಳಬ್ಯಾಡ್ರಿ. ಆ ಆವಿ ಗಾಳಿಗಿಂತ ಮೂರು ನಾಕು ಪಟ್ಟು ವಜ್ಜಿ, ಮ್ಯಾಲ ಹಾರಿ ಹೋಗಂಗಿಲ್ಲ, ನೀರು ಹರಿದಂಗ ನೆಲಾ ಹಿಡಿದು ಹರಿತೈತಿ. ಹತ್ತು ಹೆಜ್ಜಿ ದೂರ ಕುಂತು ಬೀಡಿ ಹಚ್ಚಿದವನ ಕಾಲಬುಡಕ್ಕ ಬಂದಿರ್ತೈತಿ.

ಕ್ಯಾನ್ ತುಂಬುವಾಗ ಪಿಕಪ್ಪಿನ ಮ್ಯಾಲ ಇಟ್ಟು ತುಂಬಬ್ಯಾಡ್ರಿ, ನೆಲದ ಮ್ಯಾಲ ಇಡ್ರಿ. ಪೆಟ್ರೋಲ್ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ತೈತಿ, ಸ್ವೆಟರ್ ತಗಿಯುವಾಗ ಚಟಚಟ ಅಂತೈತಲ್ಲ ಅದ. ನೆಲಕ್ಕ ತಾಗಿದ ಕ್ಯಾನಿನಿಂದ ಅದು ಭೂಮಿಗೆ ಇಳಿದು ಹೋಗ್ತೈತಿ, ರಬ್ಬರ್ ಮ್ಯಾಟಿನ ಮ್ಯಾಲ ಇಟ್ಟಿದ್ರ ಹೋಗಾಕ ದಾರಿ ಇಲ್ಲ. ಬಾಯಿ ತನಕ ತುಂಬಬ್ಯಾಡ್ರಿ, ಪೆಟ್ರೋಲ್ 10 ಡಿಗ್ರಿ ಕಾದ್ರ ಸುಮಾರು ಒಂದು ಪರ್ಸೆಂಟ್ ಹಿಗ್ತೈತಿ. ಮುಂಜಾನೆ 20 ಡಿಗ್ರಿಯೊಳಗ ತುಂಬಿದ 10 ಲೀಟರ್ ಮಧ್ಯಾಹ್ನ 40ಕ್ಕ ಹೋದ್ರ ಒಂದು ಚಾ ಗ್ಲಾಸಿಗಿಂತ ಜಾಸ್ತಿ ಉಬ್ಬಿರ್ತೈತಿ.

ಕಟ್ಟೋದು ಹಿಂದಿನ ರ್ಯಾಕಿನ ಮ್ಯಾಲ, ಸೈಲೆನ್ಸರ್ ಕಡೆ ಅಲ್ಲ, ಆದಷ್ಟು ತಗ್ಗಿಗೆ, ಅಲುಗಾಡದಂಗ ಬೆಲ್ಟಿಲೆ ಬಿಗಿರಿ. 10 ಲೀಟರ್ ಪೆಟ್ರೋಲ್ ಏಳೂವರೆ ಕಿಲೋ, ಕ್ಯಾನ್ ಸೇರಿ ಹತ್ತು. ಎತ್ತರಕ್ಕ ಪೇರಿಸಿ ಕಟ್ಟಿ ಗುಡ್ಡ ಏರಿದ್ರ ಗಾಡಿ ಮೂತಿ ಮ್ಯಾಲೆದ್ದು ಹಿಂದಕ್ಕ ಮಗಚ್ತೈತಿ. ರ್ಯಾಕ್ ಎಷ್ಟ ಕಿಲೋ ತಡಿತೈತಿ ಅಂತ ಅದರ ಮ್ಯಾಲ ಸ್ಟಿಕರ್ ಇರ್ತೈತಿ, ಓದ್ರಿ. ದಾರಿಯೊಳಗ ಟ್ಯಾಂಕಿಗೆ ಹಾಕುವಾಗ ಇಂಜಿನ್ ಬಂದ್ ಮಾಡಿ ಹತ್ತು ನಿಮಿಷ ಆರಾಕ ಬಿಡ್ರಿ. ಒಂದು ಗಾಡಿಯಿಂದ ಇನ್ನೊಂದಕ್ಕ ತಗಿಯೋದಿದ್ರ ಪೈಪಿಗೆ ಬಾಯಿ ಹಚ್ಚಿ ಎಳಿಯಬ್ಯಾಡ್ರಿ, ಒಂದು ಗುಟುಕು ಪುಪ್ಪುಸಕ್ಕ ಇಳಿದ್ರ ದವಾಖಾನಿನ ಗತಿ. ಕೈಯಿಲೆ ಒತ್ತೋ ಪಂಪು ಅಗ್ಗದಾಗ ಸಿಗ್ತಾವು.

ನೀರೂ ತಾಸಿನ ಲೆಕ್ಕನ

ಎಟಿವಿ ಓಡಸೋದು ಕುಂತು ಮಾಡೋ ಕೆಲಸ ಅನಸ್ತೈತಿ, ಆದ್ರ ದಿನಾಪೂರ್ತಿ ಹ್ಯಾಂಡಲ್ ಜಗ್ಗಿ, ತಗ್ಗಿಗೊಮ್ಮೆ ಎದ್ದು ನಿಂತು, ಹೆಲ್ಮೆಟ್ ಜಾಕೆಟ್ ಹಾಕ್ಕೊಂಡು ಬಿಸಲಿನ್ಯಾಗ ಹೋದವರಿಗೆ ಗೊತ್ತು ಬೆವರು ಎಷ್ಟ ಇಳಿತೈತಿ ಅಂತ. ಬಿಸಲಿನ್ಯಾಗ ಮೈಮುರಿದು ದುಡಿಯೋರಿಗೆ ಹೇಳೋ ಅಳತಿ ಅಂದ್ರ 15-20 ನಿಮಿಷಕ್ಕ ಒಂದು ಲೋಟ, ತಾಸಿಗೆ ಮುಕ್ಕಾಲರಿಂದ ಒಂದು ಲೀಟರ್. ಎಂಟು ತಾಸಿಗೆ ಮುಕ್ಕಾಲರಂಗ ಹಿಡಿದ್ರೂ ಒಬ್ಬರಿಗೆ 6 ಲೀಟರ್, ಬ್ಯಾಸಿಗಿಗೆ. ಡಿಸೆಂಬರ್ ಜನವರಿಯೊಳಗ ಮೂರು ನಾಕು ಸಾಕು. ಮ್ಯಾಲ ಎರಡು ಲೀಟರ್ ಕೈ ತೊಳಿಯಾಕ, ಗಾಯ ತೊಳಿಯಾಕ. ಪೆಟ್ರೋಲಿಗಿಂತ ನೀರು ವಜ್ಜಿ, ಲೀಟರಿಗೆ ಪೂರಾ ಒಂದು ಕಿಲೋ.

ಬರೇ ನೀರು ಕುಡಿದ್ರ ಸಾಲಂಗಿಲ್ಲ, ಬೆವರಿನ್ಯಾಗ ಉಪ್ಪು ಹೋಗಿರ್ತೈತಿ. ಓಆರ್‌ಎಸ್ ಪಾಕೀಟು ಒಯ್ಯಿರಿ, ಇಲ್ಲಂದ್ರ ಒಂದು ಲೀಟರ್ ನೀರಿಗೆ ಆರು ಚಾ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಬಾಟ್ಲಿಗೆ ಹಸಿ ಗೋಣಿ ತಟ್ಟು ಸುತ್ತಿ ಗಾಳಿಗೆ ಬರೋ ಹಂಗ ಕಟ್ರಿ, ನೀರು ಆರುವಾಗ ಕಾವು ಎಳ್ಕೊಂಡು ಹೋಗ್ತೈತಿ, ಮಣ್ಣಿನ ಗಡಿಗಿ ತಣ್ಣಗ ಇರೋದೂ ಹಿಂಗ.

ಈಗ ನಾ ಸ್ವತಃ ಮಾಡಿದ ಕತಿ. ಎರಡು ಕ್ಯಾನ್ ತಗೊಂಡಿದ್ವಿ, ಎರಡೂ ಒಂದ ಅಂಗಡಿ, ಒಂದ ಬಣ್ಣ, ಹಸರು. ಒಂದರಾಗ ಪೆಟ್ರೋಲ್, ಒಂದರಾಗ ಕೈ ತೊಳಿಯೋ ನೀರು. ಹೊತ್ತು ಮುಳುಗೋ ಹೊತ್ತಿಗೆ ಗೆಳ್ಯಾ ಒಬ್ಬ ಹಾಕ್ತೇನಿ ತಡಿ ಅಂತ ಟ್ಯಾಂಕಿಗೆ ಸುರುವಿದ, ನಾ ಬ್ಯಾಟ್ರಿ ಹಿಡ್ಕೊಂಡು ನಿಂತೇನಿ, ನನ್ನ ಕಣ್ಣ ಮುಂದ. ವಾಸನಿ ಬರವಲ್ದಲ್ಲೋ ಅಂತ ನಾ ಅನ್ನೋದ್ರಾಗ ಅರ್ಧ ಕ್ಯಾನ್ ಒಳಗ. ನೀರು ಪೆಟ್ರೋಲಿಗಿಂತ ವಜ್ಜಿ, ಸೀದಾ ತಳಕ್ಕ ಇಳಿತೈತಿ, ಪೆಟ್ರೋಲ್ ಎಳಿಯೋ ಪಂಪಿನ ಬಾಯಿ ಇರೋದೂ ತಳದಾಗನ. ಗಾಡಿ ಎರಡು ಸಲ ಕೆಮ್ಮಿ ನಿಂತು ಹೋತು. ಟ್ಯಾಂಕ್ ಬಿಚ್ಚಿ ಖಾಲಿ ಮಾಡೋದು ಮರುದಿನದ ಕೆಲಸ ಆತು, ಆ ರಾತ್ರಿ ಹಗ್ಗ ಕಟ್ಟಿ ಜಗ್ಗಿದ್ವಿ. ಈಗ ನಮ್ಮಲ್ಲಿ ಪೆಟ್ರೋಲ್ ಕೆಂಪು ಸ್ಟೀಲ್ ಕ್ಯಾನ್, ನೀರು ಬಿಳಿ, ಮತ್ತ ಒಂದು ಮುಂದಿನ ರ್ಯಾಕ್ ಒಂದು ಹಿಂದಿನ ರ್ಯಾಕ್. ಆ ಗೆಳ್ಯಾ ಮಾತ್ರ ಇನ್ನೂ ಕ್ಯಾನ್ ಮುಟ್ಟೂ ಮುಂಚೆ ಮೂಸಿ ನೋಡ್ತಾನ.

ಬುತ್ತಿ

ಖಡಕ್ ರೊಟ್ಟಿ ವಾರಗಟ್ಲೆ ಕೆಡಂಗಿಲ್ಲ, ಹಂಗಾಗಿ ಎಲ್ಲಾರೂ ಅದನ್ನ ಕಟ್ತಾರ, ಆದ್ರ ಎಟಿವಿ ರ್ಯಾಕಿನ ಮ್ಯಾಲ ಮೂರು ತಾಸು ಅಲುಗಿದ ಖಡಕ್ ರೊಟ್ಟಿ ಊಟದ ಹೊತ್ತಿಗೆ ಹಿಟ್ಟಾಗಿ ಜೋಳದ ಚೀಲ ಸೇರಾಕ ತಯಾರಿರ್ತೈತಿ. ಮೆತ್ತನ ರೊಟ್ಟಿ ಇಲ್ಲಾ ಚಪಾತಿ ಸುರುಳಿ ಮಾಡಿ ಅರಿವ್ಯಾಗ ಸುತ್ತಿ ಸ್ಟೀಲ್ ಡಬ್ಬಿಗೆ ಬಿಗಿ ತುಂಬ್ರಿ, ಸಂದು ಇದ್ರ ಒಂದು ಟವೆಲ್ ತುರುಕ್ರಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಣಾ ಇರ್ತಾವು, ಚೊಲೋ. ಬಾಳೆಹಣ್ಣು ರ್ಯಾಕಿಗೆ ಕಟ್ಟಿದ್ರ ಮಧ್ಯಾಹ್ನ ಶೀಕರಣಿ. ಮೊಸರನ್ನ ಬ್ಯಾಸಿಗ್ಯಾಗ ಹುಳಿ ಬಂದು ಡಬ್ಬಿ ಮುಚ್ಚಳ ಹಾರಸ್ತೈತಿ, ಮುಂಜಾನೆ ಹನ್ನೊಂದರೊಳಗ ಉಂಡು ಮುಗಸೋದಾದ್ರ ಒಯ್ಯಿರಿ.

ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಬಾಯಾಡ್ಸೋದು ಚೊಲೋ, ಹುರಿದ ಶೇಂಗಾ ಬೆಲ್ಲ, ಪುಠಾಣಿ, ಒಂದೆರಡು ಪೇಢೆ. ಮಧ್ಯಾಹ್ನ ಹೊಟ್ಟಿ ಬಿರಿ ಉಂಡು ಮತ್ತ ಗಾಡಿ ಹತ್ತಿದ್ರ ನಿದ್ದಿ ಬರ್ತೈತಿ, ತಪ್ಪೋದು ಆಗ. ಒಂದು ಹೊತ್ತಿನ ಬುತ್ತಿ ಹೆಚ್ಚಿಗೆ ಇಡ್ರಿ, ಇದು ಊಟದ ಮೂರನೇ ಪಾಲು.

ಮುಳ್ಳು, ಹಗ್ಗ, ಇತ್ಯಾದಿ

ನಮ್ಮ ಕಡೆ ದೊಡ್ಡ ವೈರಿ ಬಳ್ಳಾರಿ ಜಾಲಿ. ಆ ಮುಳ್ಳು ಚಪ್ಪಲಿ ದಾಟಿ ಕಾಲಿಗೆ ಬರ್ತೈತಿ, ಟಾಯರ್ ಯಾವ ಲೆಕ್ಕ. ಎಟಿವಿ ಟಾಯರ್ ಸಾಮಾನ್ಯ ಟ್ಯೂಬ್‌ಲೆಸ್, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟಿನ ರಬ್ಬರ್ ಬತ್ತಿ ಹತ್ತಾರು ಇರ್ಲಿ, ಒಂದಲ್ಲ. ಕೈ ಪಂಪು. ಹವಾ ನೋಡೋ ಗೇಜು ಸಣ್ಣ ಅಳತಿದ ಬೇಕು, ಕಾರಿನ ಗೇಜಿನ್ಯಾಗ 5 ಪಿಎಸ್ಐ ಅನ್ನೋದು ಮುಳ್ಳು ಅಲುಗೋದಕ್ಕೂ ಸಾಲಂಗಿಲ್ಲ. ಸ್ಪಾರ್ಕ್ ಪ್ಲಗ್, ಅದರ ಪಾನಾ, ಫ್ಯೂಜು, ಬೆಲ್ಟ್ ಡ್ರೈವ್ ಇದ್ರ ಇನ್ನೊಂದು ಬೆಲ್ಟು, ಜಗ್ಗೋ ಪಟ್ಟಿ, ಕುರ್ಚಿಗಿ (ಎರಿ ಮಣ್ಣಿಗೆ, ಮ್ಯಾಲ ಹೇಳೇನಲ್ಲ), ಹೆಡ್‌ಲ್ಯಾಂಪು, ಪವರ್ ಬ್ಯಾಂಕು, ಬ್ಯಾಂಡೇಜು. ಇಷ್ಟೂ ಸೇರಿ ಐದು ಕಿಲೋ ಒಳಗ. ಎಲ್ಲಾ ಒಂದ ಗಾಡಿಗೆ ಕಟ್ಟಬ್ಯಾಡ್ರಿ, ಆ ಗಾಡಿನ ಹಿಂದ ಉಳಿದ್ರ ಮುಂದಿನವರ ಕೈ ಬರಿದು.

ಹಾವು ಕಚ್ಚಿದ್ರ ಕೊಯ್ಯೋದು, ಬಾಯಿಲೆ ಹೀರೋದು, ಬಿಗಿ ಕಟ್ಟೋದು ಯಾವ್ದೂ ಬ್ಯಾಡ, ಅಲುಗಾಡಿಸದ 108ಕ್ಕ ಫೋನ್ ಮಾಡಿ ದೊಡ್ಡ ದವಾಖಾನಿಗೆ. ಬ್ಯಾರೆ ಎಲ್ಲಾ ತುರ್ತಿಗೆ 112.

ಯಾವ ದಾರಿ, ಯಾವ ಹೊತ್ತು

ಕಪ್ಪತಗುಡ್ಡ ಕಂಡ್ರ ಎಟಿವಿ ಇದ್ದವರಿಗೆ ಕೈ ತುರಸ್ತಾವು, ಆದ್ರ ಅದು 2019ರಿಂದ ವನ್ಯಜೀವಿಧಾಮ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮನೂ ಹಂಗ. ಅಲ್ಲಿ ಅನುಮತಿ ಇಲ್ಲದ ಗಾಡಿ ಹೊಗಿಸಿದ್ರ 1972ರ ವನ್ಯಜೀವಿ ಕಾಯ್ದೆ ಕೆಳಗ ಕೇಸು. ಪ್ಲಾನ್ ಹಾಕುವಾಗ ಧಾಮದ ಗಡಿ ನಕಾಶಿಯೊಳಗ ನೋಡಿ ಅದರ ಸುತ್ತು ಹಾಕೋ ದೂರಾನೂ ಪೆಟ್ರೋಲ್ ಲೆಕ್ಕಕ್ಕ ಸೇರಿಸ್ರಿ. ಖಾಸಗಿ ಹೊಲ ಅಂದ್ರ ಹೊಲದವರನ್ನ ಕೇಳಿ. ಹಿಂಗಾರಿ ಜೋಳ, ಕಡ್ಲಿ ನಿಂತಾಗ ಬದುವಿನ ಮ್ಯಾಲೂ ಬ್ಯಾಡ, ಚಕ್ಕಡಿ ದಾರಿ ಬಿಟ್ಟು ಇಳೀಬ್ಯಾಡ್ರಿ. ಸುಗ್ಗಿ ಮುಗಿದ ಮ್ಯಾಲ ಹೊಲ ಖಾಲಿ ಆಗ್ತಾವು, ಆದ್ರ ಆಗ ಬಿಸಲು, ನೀರಿನ ಲೆಕ್ಕ ದುಪ್ಪಟ್ಟು. ಚಳಿಗಾಲದಾಗ ಹವಾ ಚೊಲೋ, ಆದ್ರ ಡಿಸೆಂಬರ್‌ದಾಗ ಆರಕ್ಕೆಲ್ಲಾ ಹೊತ್ತು ಮುಳುಗ್ತೈತಿ. ಬೆಳಕೂ ಒಂದು ಸಾಮಾನ, ಅದಕ್ಕೂ ಮೂರು ಪಾಲು.

ಮನ್ಯಾಗ ಒಬ್ಬರಿಗೆ ಚೀಟಿ ಬರೆದು ಕೊಡ್ರಿ, ಫೋನಿನ್ಯಾಗ ಹೇಳಿದ್ದು ಮರೀತಾರ: ಯಾರ್ಯಾರು, ಯಾವ ಯಾವ ಊರಿನ ಮ್ಯಾಲ ಹೋಗ್ತೀವಿ, ಎಷ್ಟಕ್ಕ ಹೊಳ್ಳಿ ಬರ್ತೀವಿ, ಎಷ್ಟರೊಳಗ ಫೋನ್ ಬರದಿದ್ರ ಯಾರಿಗೆ ಹೇಳಬೇಕು. ಕಾಕಾನ ಮಗನಿಗೆ ನಾ ಹೇಳಿದ್ದು 5ಕ್ಕ ಬರ್ತೀವಿ ಅಂತ ಬರಿ, 7ಕ್ಕ ಹುಡುಕಾಕ ಹೊಂಡ್ರಿ ಅಂತ ಬರಿ ಅಂತ. ಅವ್ವ ಬೈತಾಳ ಅಂದ. ಬೈಲಿ ಬಿಡು ಅಂದೆ.

ಬಂದ ರಾತ್ರಿ ದಣಿವಾಗಿದ್ರೂ ಒಂದು ಕೆಲಸ: ಟ್ಯಾಂಕ್ ಮತ್ತ ಕುತಿಗಿ ತನಕ ತುಂಬಿ ಎಷ್ಟ ಹಿಡೀತು, ಇಂಜಿನ್ ಎಷ್ಟ ತಾಸು ಓಡ್ತು, ನೆಲ ಎಂಥದ್ದಿತ್ತು ಅಂತ ಬರೆದಿಡೋದು. ನಮ್ಮ ಶೆಡ್ಡಿನ ಬಾಗಲಾ ಹಿಂದ ಬಳಪದಿಂದ ಬರ್ದಿದ್ದು ಹಿಂಗ ಐತಿ: ಮಸಾರಿ ಒಣಾ 1.8, ಮಸಾರಿ ಹಸಿ 2.1, ಎರಿ ಒಣಾ 2, ಎರಿ ಹಸಿ 3.1. ಅವನ ಗಾಡಿಗೆ ಈ ನಾಕೂ ನಂಬರ್ ಬ್ಯಾರೆ ಬರ್ತಾವು, ಅವನ ಬಾಗಲಕ್ಕ ಅವನ ಬರಕೋಬೇಕು.